ಹದ ಬಂದ ಹೊತ್ತು

ಕಾಫಿ ಒಣಗಿಸುವ ಕಣದ ಮಣ್ಣನ್ನು ಮೊದಲು ಮುಷ್ಟಿಯಲ್ಲಿ ಹಿಡಿದು ನೋಡಬೇಕು. ಅಜ್ಜಿ ನನಗೆ ಕಲಿಸಿದ್ದು ಹಾಗೆ. ಹಿಂದಿನ ಸಂಜೆ ನೀರು ಚಿಮುಕಿಸಿ ಬಿಟ್ಟ ಕೆಮ್ಮಣ್ಣನ್ನು ಬೆಳಿಗ್ಗೆ ಒಂದು ಹಿಡಿ ತೆಗೆದು ಬಿಗಿಯಾಗಿ ಒತ್ತಿ ಕೈ ಬಿಚ್ಚಬೇಕು. ಉಂಡೆ ನಿಲ್ಲದೆ ಉದುರಿತೋ, ನೀರು ಸಾಲದು. ಬೆರಳಿಗೆಲ್ಲ ಅಂಟಿತೋ, ನೀರು ಹೆಚ್ಚಾಗಿದೆ, ಬಿಸಿಲು ಏರುವವರೆಗೆ ಕಾಯಬೇಕು. ಉಂಡೆ ಗಟ್ಟಿಯಾಗಿ ನಿಂತು, ಹೆಬ್ಬೆರಳಲ್ಲಿ ಒತ್ತಿದರೆ ಎರಡೇ ಹೋಳಾಗಿ, ಅಂಗೈ ಚೊಕ್ಕಟವಾಗಿ ಉಳಿದರೆ ಅಜ್ಜಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. "ಹದ ಬಂತು, ಇನ್ನು ಹೊಡೀರಿ."

ಆ ಮಾತಿಗೆ ಕಾಯುತ್ತ ನಾಲ್ಕೈದು ಆಳು ದಿಮ್ಮಸು ಹಿಡಿದು ನಿಂತಿರುತ್ತಿದ್ದರು. ದೀಪಾವಳಿ ಕಳೆದು, ಮಳೆ ಪೂರ್ತಿ ಹಿಂದೆ ಸರಿದು, ಅರೇಬಿಕಾ ಹಣ್ಣು ಕೆಂಪಾಗುವ ಹೊತ್ತು ಅದು. ಮಳೆಗಾಲದಲ್ಲಿ ಹುಲ್ಲು ಬೆಳೆದು, ಎರೆಹುಳ ಮೇಲೆದ್ದು ಕಣವೆಲ್ಲ ಸಡಿಲವಾಗಿರುತ್ತಿತ್ತು. ಅದನ್ನು ಕೆತ್ತಿ, ಮಟ್ಟ ಮಾಡಿ, ಒಂದು ಮೂಲೆಯಿಂದ ಸಾಲು ಹಿಡಿದು ಹೊಡೆಯುತ್ತ ಬಂದರೆ ಬೆಳಿಗ್ಗೆ ಮೆತ್ತಗೆ ಕೇಳುತ್ತಿದ್ದ ಸದ್ದು ಮಧ್ಯಾಹ್ನದ ಹೊತ್ತಿಗೆ ಗಡಸಾಗುತ್ತಿತ್ತು. ಸದ್ದು ತಿರುಗಿದ ಜಾಗಕ್ಕೆ ಮತ್ತೆ ಹೊಡೆಯುವ ಹಾಗಿಲ್ಲ, ಹೊಡೆದರೆ ಬಿರಿಯುತ್ತದೆ. ಆಮೇಲಿನದು ಹೆಂಗಸರ ಕೆಲಸ. ಸಗಣಿಗೆ ಇದ್ದಿಲ ಪುಡಿ ಕಲಸಿ ಬಗ್ಗಡ ಮಾಡಿ, ಅಡಿಕೆ ಹಾಳೆಯ ತುಂಡಿನಿಂದ ತೆಳ್ಳಗೆ ಎಳೆಯಬೇಕು. ಒಣಗಿದ ಮೇಲೆ ಅಡ್ಡಲಾಗಿ ಇನ್ನೊಂದು ಸಲ. ಸಗಣಿಯ ನಾರು ನೆಲ ಬಿರುಕು ಬಿಡದಂತೆ ಹಿಡಿಯುತ್ತದೆ, ಅದರ ಅಂಟು ಧೂಳನ್ನು ತಡೆಯುತ್ತದೆ. ಮಾರನೆಯ ಬೆಳಿಗ್ಗೆ ಕಣದ ಮೇಲೆ ಬರಿಗಾಲಲ್ಲಿ ಓಡಿದರೆ ಅಂಗಾಲಿಗೆ ತಣ್ಣಗೆ, ನುಣ್ಣಗೆ ತಾಗುತ್ತಿತ್ತು.

ನಾನು ಮೂಡಿಗೆರೆಗೂ ಕೊಟ್ಟಿಗೆಹಾರಕ್ಕೂ ನಡುವಿನ ಊರಿನವಳು. ನಮ್ಮ ಗುಡ್ಡಗಳ ಚರಿತ್ರೆ ಬರೆಯುವವರು ಬಾಬಾಬುಡನ್ ಯೆಮನ್ನಿನಿಂದ ತಂದರೆನ್ನುವ ಏಳು ಬೀಜಗಳಿಂದ ಶುರು ಮಾಡುತ್ತಾರೆ. ಬಿಳಿ ದೊರೆಗಳ ಎಸ್ಟೇಟುಗಳಿಗೆ ಬರುತ್ತಾರೆ, 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಶುರುವಾದ ಕಾಫಿ ಸಂಶೋಧನಾ ಕೇಂದ್ರವನ್ನು ಮುಟ್ಟುತ್ತಾರೆ, ಬೆಲೆ ಬಿದ್ದದ್ದು ಎದ್ದದ್ದು ಹೇಳಿ ಮುಗಿಸುತ್ತಾರೆ. ಅದೆಲ್ಲ ಬೇಕಾದ್ದೇ. ಆದರೆ ಆ ಕಾಫಿ ಒಣಗಿದ ನೆಲವನ್ನು, ಗಿಡ ಕಸಿ ಮಾಡಿದ ಕತ್ತಿಯನ್ನು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಮನೆಯ ಗೋಡೆಯನ್ನು ಗಟ್ಟಿ ಮಾಡಿಕೊಟ್ಟವರು ಯಾರು, ಹೇಗೆ ಮಾಡಿದರು ಎಂಬುದು ಆ ಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ. ಮಣ್ಣು ಹೊಡೆಯುವವರು, ಕಬ್ಬಿಣ ಕಾಯಿಸುವವರು, ಗಾರೆ ಕಲಸುವವರು ಬೇರೆ ಬೇರೆ ಜನ, ಬೇರೆ ಬೇರೆ ಕೇರಿ. ಅವರೆಲ್ಲರ ಬಾಯಲ್ಲಿ ಇದ್ದದ್ದು ಮಾತ್ರ ಒಂದೇ ಮಾತು. ಕಣದ ಮಣ್ಣಿಗೆ ಹದ ಬರಬೇಕು, ಕತ್ತಿಗೆ ಹದ ಹಾಕಬೇಕು, ಗಾರೆ ಹದವಾಗಿರಬೇಕು. ಬೆಲ್ಲದ ಪಾಕಕ್ಕೂ ಉಳುವ ಗದ್ದೆಗೂ ನಾವು ಆಡುವ ಮಾತು ಅದೇ.

ಈ ಮಾತಿನ ತೂಕ ನನಗೆ ತಿಳಿದದ್ದು ತಮ್ಮನ ಪುಸ್ತಕದಿಂದ. ಅವನು ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದುತ್ತಿದ್ದ. ರಜಕ್ಕೆ ಬಂದಾಗ ಪುಸ್ತಕಗಳನ್ನು ಜಗುಲಿಯ ಮೇಲೆ ಹರಡಿಕೊಳ್ಳುತ್ತಿದ್ದ. ಒಂದರಲ್ಲಿ ಗುಡ್ಡದ ಆಕಾರದ ಒಂದು ಗೆರೆ ಇತ್ತು. ಏನೋ ಇದು ಎಂದು ಕೇಳಿದೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ನೀರಿನ ಇಲಾಖೆಯಲ್ಲಿದ್ದ ರಾಲ್ಫ್ ಪ್ರಾಕ್ಟರ್ ಎಂಬ ಇಂಜಿನಿಯರು ಮಣ್ಣಿನ ಅಣೆಕಟ್ಟುಗಳಿಗಾಗಿ 1933ರಲ್ಲಿ ಪ್ರಕಟಿಸಿದ ವಿಷಯ ಅದು ಎಂದ. ಒಂದು ಡಬ್ಬಿಗೆ ಮೂರು ಪದರ ಮಣ್ಣು ಹಾಕುತ್ತಾರೆ, ಪದರಕ್ಕೆ 25ರಂತೆ ಒಂದೇ ಎತ್ತರದಿಂದ ಸುತ್ತಿಗೆ ಬಿಡುತ್ತಾರೆ. ನೀರು ಕಮ್ಮಿ ಇದ್ದರೆ ಮಣ್ಣಿನ ಕಣಗಳು ಒಂದಕ್ಕೊಂದು ತಡೆದು ಜಾರುವುದಿಲ್ಲ. ನೀರು ಸ್ವಲ್ಪ ಸ್ವಲ್ಪ ಹೆಚ್ಚಿಸಿದಂತೆ ಅವು ಜಾರಿ ಒತ್ತೊತ್ತಾಗಿ ಕೂರುತ್ತವೆ, ತೂಕ ಏರುತ್ತದೆ. ಇನ್ನೂ ಹಾಕಿದರೆ ನೀರೇ ಜಾಗ ಹಿಡಿದುಕೊಂಡು ಮಣ್ಣಿಗೆ ಎಡೆ ಇಲ್ಲದಂತಾಗಿ ತೂಕ ಇಳಿಯುತ್ತದೆ. ಗೆರೆಯ ನೆತ್ತಿಗೆ ಅವರು ಇಟ್ಟ ಹೆಸರು ಆಪ್ಟಿಮಮ್ ಮಾಯಿಶ್ಚರ್.

"ಹಾಗಂದ್ರೆ ಅಜ್ಜಿ ಹೇಳೋ ಹದ" ಎಂದೆ. ತಮ್ಮ ಪುಸ್ತಕದಿಂದ ತಲೆ ಎತ್ತಿ ನನ್ನ ಮುಖ ನೋಡಿದ. ಅವತ್ತು ಸಂಜೆ ಇಬ್ಬರೂ ಅಜ್ಜಿಯ ಹತ್ತಿರ ಹೋಗಿ ಒಂದು ಹಿಡಿ ಮಣ್ಣು ಹದ ಮಾಡಿಸಿಕೊಂಡೆವು. ಅವನು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಾಲೇಜಿನ ಲ್ಯಾಬಿಗೆ ಕೊಂಡುಹೋದ. ತಿಂಗಳಾದ ಮೇಲೆ ಕಾಗದ ಬರೆದ: ಗೆರೆಯ ನೆತ್ತಿಗೂ ಅಜ್ಜಿಯ ಮುಷ್ಟಿಗೂ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸ ಇಲ್ಲ.

ಕಳಸದಾಚೆ ಕುದುರೆಮುಖದಲ್ಲಿ ಅದೇ ಹದವನ್ನು ಯಂತ್ರಗಳು ಮಾಡಿದವು. ಅಲ್ಲಿ ಕಬ್ಬಿಣದ ಅದಿರು ತೆಗೆಯಲು 1976ರಲ್ಲಿ ಕಂಪನಿ ಆಯಿತು. ಅದಿರನ್ನು ನುಣ್ಣಗೆ ಅರೆದು ಕಬ್ಬಿಣದಂಶ ಬೇರ್ಪಡಿಸಿ, ನೀರಿನಲ್ಲಿ ಕದಡಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಬಿಡುತ್ತಿದ್ದರು. ಉಳಿದ ಹೂಳನ್ನು ತಡೆದು ನಿಲ್ಲಿಸಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಕಟ್ಟಿದರು. ಮಣ್ಣಿನ ಅಣೆಕಟ್ಟು ಏಳುವುದು ಪದರ ಪದರವಾಗಿ: ಮಣ್ಣು ಹರಡು, ನೀರು ಚಿಮುಕಿಸು, ರೋಲರ್ ಓಡಿಸು. ಜೇಡಿ ಮಣ್ಣಿಗೆ ಓಡಿಸುವ ರೋಲರಿಗೆ ಮೈತುಂಬ ಗೊರಸಿನಂಥ ಮೊಳೆಗಳಿರುತ್ತವೆ, ಅದರ ಹೆಸರೇ ಶೀಪ್ ಫೂಟ್, ಕುರಿಯ ಪಾದ. ಅದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮ ಕಣದಲ್ಲಿ ಭತ್ತ ತುಳಿಯುತ್ತ ಸುತ್ತುತ್ತಿದ್ದ ಎತ್ತುಗಳು. ಭತ್ತ ತುಳಿಸಿದ ವರ್ಷ ಕಣ ಹೆಚ್ಚು ಗಟ್ಟಿ ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದದ್ದು ಸುಮ್ಮನೆ ಆಗಿರಲಿಲ್ಲ. ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ನಿಂತದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ, ಭದ್ರೆ ಹುಟ್ಟುವ ಜಾಗ ಅದು. ಲಕ್ಯಾ ಕಟ್ಟೆ ಈಗಲೂ ಅಷ್ಟು ಹೂಳನ್ನು ತಡೆದು ನಿಂತಿದೆ.

ಇನ್ನು ಕತ್ತಿ. ಮುಂಗಾರಿಗೆ ಮುಂಚೆ ನೆರಳುಮರಗಳ ಕೊಂಬೆ ಕಡಿಯುವ ಮರಗಸಿ ಶುರುವಾಗುವಾಗ ತೋಟದ ಕತ್ತಿ, ಗುದ್ದಲಿ, ಹಾರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಊರ ಕಮ್ಮಾರ ಆಚಾರ್ರ ಕುಲುಮೆಗೆ ಹೊರಿಸುತ್ತಿದ್ದರು. ಹಿಂದೆ ಹೋಗಲು ನನಗೆ ಯಾವ ನೆಪವಾದರೂ ಸಾಕಿತ್ತು. ಕುಲುಮೆಯ ಮಾಡು ತಲೆಗೆ ತಾಗುವಷ್ಟು ತಗ್ಗು, ಒಳಗೆ ಹಗಲಲ್ಲೂ ಕತ್ತಲೆ. ಯಾಕಿಷ್ಟು ಕತ್ತಲೆ ಎಂದು ಕೇಳಿದ್ದೆ. "ಬಿಸಿಲಲ್ಲಿ ಬೆಂಕಿ ಬಣ್ಣ ಸುಳ್ಳು ಹೇಳ್ತದೆ ಮಗಾ" ಎಂದಿದ್ದರು.

ತಿದಿ ಒತ್ತುತ್ತ ಕತ್ತಿಯನ್ನು ಕರಟದ ಇದ್ದಿಲಲ್ಲಿ ಹೂತು, ಮಾಗಿದ ಕಾಫಿ ಹಣ್ಣಿನ ಕೆಂಪು ಬರುವವರೆಗೆ ಕಾಯಿಸುತ್ತಿದ್ದರು. ಕಿತ್ತಲೆಯ ಬಣ್ಣಕ್ಕೆ ತಿರುಗಿದರೆ ಕೆಟ್ಟಿತು ಎಂದು ಲೆಕ್ಕ. ಇಕ್ಕಳದಲ್ಲಿ ಹಿಡಿದು ಬಾಯಿಯ ಕಡೆಯ ಎರಡು ಬೆರಳಗಲವನ್ನು ಮಾತ್ರ ಕಲ್ಲು ಮರಿಗೆಯ ನೀರಿಗೆ ಇಳಿಸಿ, ನಿಲ್ಲಿಸದೆ ಆಡಿಸುತ್ತಿದ್ದರು. ಸುಮ್ಮನೆ ಹಿಡಿದರೆ ಹಬೆ ಸುತ್ತಿಕೊಂಡು ಕೆಲವು ಕಡೆ ನೀರು ತಾಗುವುದೇ ಇಲ್ಲ. ಹೊರಗೆ ತೆಗೆದ ಕೂಡಲೇ ಬಾಯಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಕಣ್ಣ ಹತ್ತಿರ ಹಿಡಿಯುತ್ತಿದ್ದರು. ಬೆನ್ನಿನಲ್ಲಿ ಉಳಿದ ಕಾವು ನಿಧಾನವಾಗಿ ಬಾಯಿಯ ಕಡೆ ಇಳಿಯುತ್ತದೆ. ಆಗ ಬೆಳ್ಳಗಿನ ಲೋಹದ ಮೇಲೆ ಬಣ್ಣಗಳು ಹರಿಯುತ್ತವೆ, ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಒಂದರಿಂದ ಒಂದಕ್ಕೆ ಹತ್ತು ಎಣಿಸುವಷ್ಟೂ ಹೊತ್ತಿಲ್ಲ. ಕಲ್ಲುಕುಟಿಗರ ಉಳಿಯಾದರೆ ಹಳದಿಗೇ ನಿಲ್ಲಿಸಬೇಕು. ಸಿಲ್ವರ್ ಓಕ್ ಗಂಟಿಗೆ ಬಡಿಯುವ ನಮ್ಮ ಮರಗಸಿ ಕತ್ತಿಯಾದರೆ ನೇರಳೆ ಬಾಯಿಯ ಅಂಚು ಮುಟ್ಟಬೇಕು, ಮುಟ್ಟಿದ ಕ್ಷಣಕ್ಕೆ ಇಡೀ ಕತ್ತಿ ನೀರಿಗೆ. ತೆಗೆದ ಮೇಲೆ ಅಂಚಿಗೆ ಅರ ಎಳೆದು ನೋಡುತ್ತಿದ್ದರು. ಅರ ಕಚ್ಚಬಾರದು, ಪೂರ್ತಿ ಜಾರಿಯೂ ಹೋಗಬಾರದು.

ಕತ್ತಿಯ ಒಳಗೆ ಆಗ ಏನಾಗುತ್ತದೆ ಎಂದು ಹೇಳುವ ವಿಜ್ಞಾನ ತೀರ ಹಳೆಯದಲ್ಲ. ಉಕ್ಕೆಂದರೆ ಕಬ್ಬಿಣಕ್ಕೆ ನೂರಕ್ಕೆ ಒಂದು ಪಾಲಿನಷ್ಟೋ ಅದಕ್ಕೂ ಕಮ್ಮಿಯೋ ಇಂಗಾಲ ಸೇರಿದ್ದು. ಕಾಫಿ ಹಣ್ಣಿನ ಕೆಂಪಿಗೆ, ಸುಮಾರು 800 ಡಿಗ್ರಿಗೆ, ಬಂದಾಗ ಇಂಗಾಲ ಕಬ್ಬಿಣದೊಳಗೆ ಕರಗಿರುತ್ತದೆ. ನಿಧಾನವಾಗಿ ಆರಿದರೆ ಅದು ಹೊರಗೆ ಬಂದು ಕೂರುತ್ತದೆ, ಉಕ್ಕು ಮೆತ್ತಗಾಗುತ್ತದೆ. ಒಮ್ಮೆಲೇ ನೀರಿಗೆ ಅದ್ದಿದರೆ ಹೊರಬರಲು ಹೊತ್ತು ಸಿಗದೆ ಒಳಗೇ ಸಿಕ್ಕಿಬಿದ್ದು ಲೋಹದ ಮೈಯನ್ನೆಲ್ಲ ಬಿಗಿಯುತ್ತದೆ. ಆ ಬಿಗಿದ ರೂಪಕ್ಕೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಎಂಬವರ ನೆನಪಿಗೆ ಮಾರ್ಟೆನ್‌ಸೈಟ್ ಎಂದು ಹೆಸರು. ಹಾಗೇ ಬಿಟ್ಟರೆ ಗಾಜಿನಂತೆ ಒಡೆಯುತ್ತದೆ. ಹಳದಿಯಿಂದ ನೀಲಿಯವರೆಗೆ, 230ರಿಂದ 300 ಡಿಗ್ರಿಯವರೆಗೆ ಮತ್ತೆ ಕಾವು ಕೊಟ್ಟಷ್ಟೂ ಬಿಗಿ ಸಡಿಲುತ್ತದೆ. ಆಚಾರ್ರು ಬಣ್ಣದಲ್ಲಿ ಓದುತ್ತಿದ್ದದ್ದು ಈ ಡಿಗ್ರಿಗಳನ್ನು.

ಇಂಗಾಲವೇ ಇಲ್ಲದ ಮೆದು ಕಬ್ಬಿಣವನ್ನು ಎಷ್ಟು ನೀರಿಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ. ಅದಕ್ಕೇ ಹಳಬರು ‘ಗುದ್ದಲಿಗೆ ಉಕ್ಕು ಹಾಕಿಸಬೇಕು’ ಎನ್ನುತ್ತಿದ್ದದ್ದು. ಮೆದು ಕಬ್ಬಿಣದ ಬಾಯಿಗೆ ಒಂದು ತುಂಡು ಉಕ್ಕನ್ನು ಕಾಯಿಸಿ ಬೆಸೆದು ಆಮೇಲೆ ಹದ ಹಾಕುತ್ತಿದ್ದರು. ಘಟ್ಟದ ಮೇಲೆ ಲಾರಿಗಳು ಬಂದ ಮೇಲೆ ಆ ಕಷ್ಟ ತಪ್ಪಿತು. ಮುರಿದ ಲಾರಿಯ ಕಮಾನು ಪಟ್ಟಿ ಒಳ್ಳೆಯ ಉಕ್ಕು, ಅದರಿಂದಲೇ ಕತ್ತಿ ತಟ್ಟತೊಡಗಿದರು.

ಆ ಒಂದು ತುಂಡು ಉಕ್ಕು ಹಿಂದೆ ಎಲ್ಲಿಂದ ಬರುತ್ತಿತ್ತು? 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮ ಬಯಲು ಸೀಮೆಯಲ್ಲಿ ಉಕ್ಕು ಮಾಡುತ್ತಿದ್ದವರನ್ನು ಕಂಡು ವಿವರವಾಗಿ ಬರೆದಿದ್ದಾನೆ. ಮಣ್ಣಿನ ಚಿಕ್ಕ ಮೂಸೆ, ಅದರೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ, ಮೇಲೆ ಮಣ್ಣಿನ ಬಿರಟೆ. ಕಡ್ಡಿ ಎಲೆಗಳು ಒಳಗೇ ಸುಟ್ಟು ಇಂಗಾಲ ಕೊಡುತ್ತಿದ್ದವು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿಗೆ ದೂರದೂರದ ಸೀಮೆಗಳಿಂದ ಬೇಡಿಕೆ ಇತ್ತೆಂದೂ ಬರೆದಿದ್ದಾನೆ. ಅದಕ್ಕೆ ಐದು ವರ್ಷ ಹಿಂದೆ, 1795ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಗೆ ಜಾರ್ಜ್ ಪಿಯರ್ಸನ್ ಒಂದು ಪ್ರಬಂಧ ಒಪ್ಪಿಸಿದ್ದ. ಮುಂಬಯಿಯಿಂದ ಡಾಕ್ಟರ್ ಸ್ಕಾಟ್ ಕಳಿಸಿದ ಉಕ್ಕಿನ ಗಟ್ಟಿಗಳ ಪರೀಕ್ಷೆ ಅದು. ಅದರಲ್ಲಿ ಉಕ್ಕಿನ ಹೆಸರು ‘ವೂಟ್ಜ್’ ಎಂದಿದೆ. ಅದು ನಮ್ಮ ‘ಉಕ್ಕು’ ಎಂಬ ಮಾತೇ ಕಿವಿಯಿಂದ ಕಿವಿಗೆ ಹೋಗಿ ಹಾಗಾದದ್ದು ಎಂದು ವಿದ್ವಾಂಸರಲ್ಲಿ ಬಹಳ ಮಂದಿ ಒಪ್ಪುತ್ತಾರೆ. ಕಮ್ಮಾರನ ಮಗನಾಗಿ ಹುಟ್ಟಿದ ಮೈಕೆಲ್ ಫ್ಯಾರಡೆ ಕೂಡ ವಿದ್ಯುತ್ತಿನ ಶೋಧಗಳಿಗೆ ಮುಂಚೆ, 1819ರ ಸುಮಾರಿಗೆ, ಚಾಕು ತಯಾರಿಸುವ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಇದೇ ಉಕ್ಕಿನ ಗುಟ್ಟು ಹುಡುಕಿದ. ಪರೀಕ್ಷೆ ಮಾಡಿದವರ ಹೆಸರೆಲ್ಲ ಉಳಿದಿದೆ. ಮೂಸೆಗೆ ಎಲೆ ಹಾಕಿ ಬಿರಟೆ ಮುಚ್ಚಿದ ಒಬ್ಬನ ಹೆಸರೂ ಉಳಿದಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದೇ ಬುಕಾನನ್, ಅದೇ ಪ್ರಯಾಣದಲ್ಲಿ, ಮಲಬಾರಿನ ಅಂಗಾಡಿಪುರದಲ್ಲಿ ಇನ್ನೊಂದು ವಸ್ತು ಕಂಡ. ನೆಲದೊಳಗೆ ಇರುವಾಗ ಕಬ್ಬಿಣದ ಹತಾರಕ್ಕೆ ಸುಲಭವಾಗಿ ಕತ್ತರಿಸಲು ಸಿಗುವ, ಗಾಳಿಗೆ ಬಂದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವ ಕೆಂಪು ಕಲ್ಲು. ಅದಕ್ಕೆ 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ನಾವು ಜಂಬಿಟ್ಟಿಗೆ ಎನ್ನುತ್ತೇವೆ, ಘಟ್ಟದ ಕೆಳಗಿನವರು ಮುರಕಲ್ಲು ಎನ್ನುತ್ತಾರೆ. ನಮ್ಮ ಪಲ್ಪಿಂಗ್ ಮನೆಯ ಗೋಡೆ ಅದರದ್ದೇ. ಅದನ್ನು ಗಟ್ಟಿ ಮಾಡುವುದೂ ಕಬ್ಬಿಣ. ಮಣ್ಣಿನೊಳಗಿನ ಕಬ್ಬಿಣದ ತುಕ್ಕು ತೇವ ಆರಿದಂತೆ ಗಟ್ಟಿಯಾಗಿ, ಉಳಿದದ್ದನ್ನೆಲ್ಲ ಕಚ್ಚಿ ಹಿಡಿಯುತ್ತದೆ.

ಕಬ್ಬಿಣಕ್ಕೆ ನಮ್ಮಲ್ಲಿ ಎಂದೂ ಬರ ಇರಲಿಲ್ಲ. ಏಳು ಬೀಜ ಬಿತ್ತಿದರೆನ್ನುವ ಬಾಬಾಬುಡನ್ ಗಿರಿಯ ಹೊಟ್ಟೆಯ ತುಂಬ ಅದೇ. ಚಿಕ್ಕಮಗಳೂರಿಗೆ ಕಡೂರು ಜಿಲ್ಲೆ ಎಂಬ ಹೆಸರಿದ್ದ ಕಾಲದಲ್ಲಿ ಗಿರಿಯ ಮೂಡಣ ಗುಡ್ಡಗಳಲ್ಲೂ ಉಬ್ರಾಣಿಯ ಸುತ್ತಲೂ ಜನ ಸಣ್ಣ ಕುಲುಮೆಗಳಲ್ಲಿ ಕಬ್ಬಿಣ ಇಳಿಸುತ್ತಿದ್ದರೆಂದು ಬಿ.ಎಲ್. ರೈಸ್ ಗೆಜೆಟಿಯರಿನಲ್ಲಿದೆ. ಹಡಗಿನಲ್ಲಿ ಬಂದ ಅಗ್ಗದ ಇಂಗ್ಲಿಷ್ ಕಬ್ಬಿಣ ಆ ಕುಲುಮೆಗಳನ್ನು ಆರಿಸಿತು. ಆಮೇಲೆ ಬಂದದ್ದು ಭದ್ರಾವತಿ. 1918ರಲ್ಲಿ ಕೆಲಸ ಹಿಡಿದು 1923ರಲ್ಲಿ ಉರಿ ಹಚ್ಚಿದ ಆ ಕಾರ್ಖಾನೆಯ ಮೊದಲ ಹೆಸರು ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’. ಅದರ ಕುಲುಮೆಗೆ ಹಾಕಿದ್ದು ಕಲ್ಲಿದ್ದಲನ್ನಲ್ಲ, ಮಲೆನಾಡಿನ ಮರ ಸುಟ್ಟ ಇದ್ದಿಲನ್ನು. ಅದಿರು ಹೋದದ್ದು ನಮ್ಮ ಕೆಮ್ಮಣ್ಣುಗುಂಡಿಯಿಂದ. ನಷ್ಟದಲ್ಲಿ ತೊಳಲುತ್ತಿದ್ದ ಅದನ್ನು ವಿಶ್ವೇಶ್ವರಯ್ಯನವರು ಕೈಗೆ ತೆಗೆದುಕೊಂಡು ನಿಲ್ಲಿಸಿದರು. ಈಗ ಕೆಮ್ಮಣ್ಣುಗುಂಡಿಗೆ ಹೋಗುವವರು ಗುಲಾಬಿ ತೋಟ ನೋಡಿ ಬರುತ್ತಾರೆ, ಹೆಸರಿನಲ್ಲೇ ಇರುವ ಕೆಮ್ಮಣ್ಣನ್ನೂ ಗುಂಡಿಯನ್ನೂ ಗಮನಿಸುವವರು ಕಮ್ಮಿ. 1938ರಲ್ಲಿ ಭದ್ರಾವತಿಯಲ್ಲೇ ಸಿಮೆಂಟ್ ಕಾರ್ಖಾನೆಯೂ ಆಯಿತು. ಸಿಮೆಂಟು ಹೀಗೆ ಹತ್ತಿರಕ್ಕೆ ಬಂತು.

ನಮ್ಮ ಕಣಕ್ಕೆ ಅದು ಬಂದದ್ದು 1986ರಲ್ಲಿ. ಮಣ್ಣಿನ ಕಣದಲ್ಲಿ ಒಣಗಿದ ಪಾರ್ಚ್‌ಮೆಂಟಿಗೆ, ಅಂದರೆ ಸಿಪ್ಪೆ ಸುಲಿದ ಕಾಫಿ ಬೀಜಕ್ಕೆ, ಮಣ್ಣಿನ ವಾಸನೆ ಹತ್ತುತ್ತದೆ, ಕಾಂಕ್ರೀಟಿನ ಮೇಲೆ ಒಣಗಿಸಿ ಎಂದು ತಿಳಿದವರು ಹೇಳುತ್ತಿದ್ದರು, ಅದು ಸರಿಯೂ ಹೌದು. ಅಪ್ಪ ಸಾಲ ತೆಗೆದು ಗುತ್ತಿಗೆ ಕೊಟ್ಟರು. ಗುತ್ತಿಗೆದಾರ ಬಂದದ್ದೇ ತಡವಾಗಿ, ಕೊಯ್ಲು ಅರ್ಧ ಆದ ಮೇಲೆ. ಎಳೆಯಲು ಸಲೀಸಾಗಲಿ ಎಂದು ಕಲಸಿಗೆ ಬಿಂದಿಗೆಗಟ್ಟಲೆ ನೀರು ಹೆಚ್ಚಿಗೆ ಹುಯ್ದರು. ನಡುಮಧ್ಯಾಹ್ನದ ಬಿಸಿಲಿಗೆ ಹಾಸಿದರು. ಎರಡು ದಿನಕ್ಕೆ ಮೇಲ್ಮೈ ಬೆಳ್ಳಗಾಯಿತು. "ಒಣಗಿತಲ್ಲ ಗೌಡ್ರೇ, ಇನ್ನು ಕಾಫಿ ಹರಡಿ" ಎಂದು ಹೇಳಿ ದುಡ್ಡು ಎಣಿಸಿಕೊಂಡು ಹೋದ. ಹರಡಿದೆವು. ಮುಂದಿನ ವರ್ಷ ಗುಡಿಸಿದರೆ ಬೂದು ಹಿಟ್ಟು ಏಳುತ್ತಿತ್ತು. ಮಳೆಗಾಲ ಕಳೆದು ನೋಡಿದರೆ ಮೂಲೆಯಿಂದ ಮೂಲೆಗೆ ಬಿರುಕು. ಬಿರುಕಿನಲ್ಲಿ ಬೀಜ ಸಿಕ್ಕಿ ಬೂಸ್ಟು ಹಿಡಿಯುತ್ತಿತ್ತು. ನಾನೂ ಅವ್ವನೂ ಪೊರಕೆ ಕಡ್ಡಿಯಲ್ಲಿ ಒಂದೊಂದೇ ಬೀಜ ಕೆದಕಿ ತೆಗೆದಿದ್ದೇವೆ. ಕಾಫಿ ಬಣ್ಣಗೆಟ್ಟಿತೆಂದು ವ್ಯಾಪಾರಿ ಬೆಲೆ ಇಳಿಸಿದ. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ.

ಸಿಮೆಂಟು ಒಣಗಿ ಗಟ್ಟಿಯಾಗುವ ವಸ್ತು ಅಲ್ಲವೇ ಅಲ್ಲ. ಅದು ನೀರು ಕುಡಿದು ಗಟ್ಟಿಯಾಗುತ್ತದೆ. ಸುಣ್ಣಕಲ್ಲು, ಜೇಡಿಯನ್ನು ಒಟ್ಟಿಗೆ ಸುಟ್ಟು ಅರೆದ ಆ ಪುಡಿಯ ಒಂದೊಂದು ಕಣವೂ ನೀರಿನ ಜೊತೆ ಸೇರಿ ಹೊಸ ವಸ್ತುವಾಗುತ್ತದೆ. ಆ ವಸ್ತು ಸಣ್ಣ ಸಣ್ಣ ಬೇರುಗಳ ಹಾಗೆ ಹಬ್ಬಿ ಜಲ್ಲಿ, ಮರಳನ್ನು ಹೆಣೆದುಕೊಳ್ಳುತ್ತದೆ. ಅದು ದಿನಗಟ್ಟಲೆ ನಡೆಯುವ ಕೆಲಸ. ಇಂಜಿನಿಯರುಗಳು ಬಲ ಅಳೆಯುವುದು 28ನೆಯ ದಿನಕ್ಕೆ. ನಡುವೆ ನೀರು ತಪ್ಪಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಮೇಲ್ಮೈ ಹಿಟ್ಟಾಗುತ್ತದೆ. ಕಲಸುವಾಗಲೇ ನೀರು ಹೆಚ್ಚಾದರೆ ಆ ಹೆಚ್ಚಿನ ನೀರು ಆರಿದ ಜಾಗದಲ್ಲೆಲ್ಲ ಕಾಣದಷ್ಟು ಸಣ್ಣ ತೂತು ಉಳಿಯುತ್ತದೆ. ಕಾಫಿಯನ್ನು ನೂರಕ್ಕೆ ಹತ್ತು ಹನ್ನೊಂದು ಪಾಲು ತೇವಕ್ಕೆ ಇಳಿಯುವವರೆಗೆ ಒಣಗಿಸಲೆಂದೇ ಇರುವ ಕಣ ತಾನು ಮಾತ್ರ ಮೊದಲ ದಿನಗಳಲ್ಲಿ ಒಣಗಬಾರದು. ಇದು ಅಪ್ಪನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದವನು ಹೇಳಲಿಲ್ಲ.

ಮೂರು ವರ್ಷ ಬಿಟ್ಟು ಅದನ್ನು ಕಿತ್ತು ಮತ್ತೆ ಹಾಕಿಕೊಟ್ಟವರು ಒಬ್ಬ ಮುದಿ ಮೇಸ್ತ್ರಿ. ಅವರ ಅಪ್ಪ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿಗೆ ಕಲ್ಲು ಕಟ್ಟಿದವರು. ಮೇಸ್ತ್ರಿ ಕೈ ಪಳಗಿದ್ದು ಸುಣ್ಣದ ಗಾರೆಯಲ್ಲಿ, ಎತ್ತು ಕಟ್ಟಿ ಗಾಣದಲ್ಲಿ ಅರೆದ ಗಾರೆ. ಅದರ ರೀತಿ ಬೇರೆ. ಸುಣ್ಣ ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿಕೊಂಡು ವರ್ಷಗಟ್ಟಲೆ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಇಟ್ಟಿಗೆ ಪುಡಿ ಸೇರಿಸಿ ಸುರ್ಕಿ ಮಾಡಿದರೆ ನೀರೊಳಗೂ ಗಟ್ಟಿಯಾಗುತ್ತದೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ನಿಂತಿರುವುದು ಆ ಸುರ್ಕಿಯ ಮೇಲೆ. ಮೇಸ್ತ್ರಿ ಸಿಮೆಂಟಿಗೂ ಗಾರೆಯ ಕಾಲದ ತಾಳ್ಮೆಯನ್ನೇ ತಂದರು. ಬೆಳಗಿನ ಮಂಜು ಆರುವ ಮುಂಚೆ ಹಾಸು ಮುಗಿಸಿದರು. ತುಂಡು ತುಂಡಾಗಿ ಚೌಕ ಮಾಡಿ ನಡುವೆ ಸಂದು ಬಿಟ್ಟರು. ಮಾರನೆಯ ದಿನ ಅಂಚಿಗೆಲ್ಲ ಜೇಡಿ ಮಣ್ಣಿನ ಪಾತಿ ಕಟ್ಟಿ ಎರಡು ಬೆರಳು ನೀರು ನಿಲ್ಲಿಸಿದರು. "ಹೆತ್ತ ಹೆಂಗಸಿನ ಹಾಗೆ ನೋಡ್ಕೊಬೇಕು ಅಮ್ಮ, ಇಪ್ಪತ್ತೆಂಟು ದಿನ" ಎಂದು ನನಗೆ ಒಪ್ಪಿಸಿ ಹೋದರು. ನಾನು ದಿನಕ್ಕೆ ಎರಡು ಸಲ ಪಾತಿ ತುಂಬಿದೆ. ಆ ಕಣ ಈಗಲೂ ಇದೆ.

ಕಣಕ್ಕೆ ಸಗಣಿ ಸಾರಿಸುವ ಕೆಲಸ ಅಲ್ಲಿಗೆ ಮುಗಿಯಿತು. ಅದು ಸೊಂಟ ಮುರಿಯುವ ಕೆಲಸ, ಮಾಡಿದವರಿಗೆ ಗೊತ್ತು, ಮುಗಿದದ್ದಕ್ಕೆ ನನಗೆ ಸಂಕಟ ಇಲ್ಲ. ಅಜ್ಜಿಯ ಮುಷ್ಟಿಯ ಹದವನ್ನು ಮಾತ್ರ ನನ್ನ ಮಗನಿಗೆ ಹೇಳಿಕೊಟ್ಟಿದ್ದೇನೆ. ತೋಟದಲ್ಲಿ ಮಳೆನೀರು ಇಂಗಲು ತೆಗೆಯುವ ತೊಟ್ಟಿಲುಗುಂಡಿಯ ಏರಿ ಹಾಕುವಾಗ ಅವನು ಒಂದು ಹಿಡಿ ಮಣ್ಣು ಒತ್ತಿ ನೋಡುತ್ತಾನೆ.

ಆಚಾರ್ರ ಕುಲುಮೆಯ ಮಾಡು ಅವರು ತೀರಿಕೊಂಡ ಮೇಲೆ ಒಂದು ಮಳೆಗಾಲಕ್ಕೆ ಕುಸಿಯಿತು. ಅವರ ಮಗ ಮೂಡಿಗೆರೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಗೇಟು, ಕಿಟಕಿ ಸರಳು, ಟಿಲ್ಲರ್ ರಿಪೇರಿ. ಹೋದ ಬೇಸಿಗೆಯಲ್ಲಿ ಅಪ್ಪನ ಕಾಲದ ಒಂದು ಮರಗಸಿ ಕತ್ತಿಯ ಬಾಯಿ ಹೋಗಿತ್ತು, ಅವನ ಹತ್ತಿರ ಒಯ್ದೆ. ಹೊಸದು ತಗೊಳ್ಳಿ ಅಕ್ಕಾ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಕತ್ತಿಯನ್ನು ತಿರುಗಿಸಿ ಹಿಡಿಯ ಹತ್ತಿರ ಅವರಪ್ಪ ಹೊಡೆದ ಮೂರು ಚುಕ್ಕೆಯ ಗುರುತನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿದ. ಗ್ರೈಂಡರ್ ಹಿಡಿದು ಬಾಯಿ ತೀಡಿದ. ಗ್ಯಾಸ್ ಕಟರ್ ಹಚ್ಚಿ ಜ್ವಾಲೆ ಸಣ್ಣ ಮಾಡಿದ. ಬಕೆಟ್ಟಿನಲ್ಲಿ ಲಾರಿಯಿಂದ ಇಳಿಸಿದ ಹಳೆ ಎಣ್ಣೆ ಇತ್ತು. ಕಮಾನು ಪಟ್ಟಿಯ ಉಕ್ಕು ನೀರಿಗಿಂತ ಎಣ್ಣೆಯಲ್ಲಿ ಆರಿದರೆ ಬಿರಿಯುವ ಭಯ ಕಮ್ಮಿ.

ಹೊರಗೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಮಧ್ಯಾಹ್ನದ ಬಿಸಿಲು ನೇರ ಅಂಗಡಿಯೊಳಗೆ ಬೀಳುತ್ತಿತ್ತು. ಅವನು ಒಂದು ಗಳಿಗೆ ಕತ್ತಿಯನ್ನು ನೋಡಿದ, ಬಿಸಿಲನ್ನು ನೋಡಿದ. ಆಮೇಲೆ ಎದ್ದು ಹೋಗಿ ರೋಲಿಂಗ್ ಶಟರನ್ನು ಮುಕ್ಕಾಲು ಕೆಳಗೆ ಎಳೆದ.